ಬಣ್ಣದ ಮಾತು: ಒಂದೇ ಬಣವಿಯನ್ನು ಎಷ್ಟು ಸಲ ಬರೆಯೋದು?

ಪ್ರಶ್ನೆ: ಗುರುಗಳೇ, ನಾನು ಚಿತ್ರಕಲೆ ಕಲಿಯುತ್ತಿದ್ದೇನೆ. ಫ್ರಾನ್ಸಿನ ಕ್ಲೋದ್ ಮೊನೆ ಬಣವಿಗಳನ್ನೇ ಮತ್ತೆ ಮತ್ತೆ ಬರೆದಿದ್ದಾನೆ. ಮೊಬೈಲಿನಲ್ಲಿ ನೋಡಿದರೆ ಎಲ್ಲಾ ಒಂದೇ ಥರ ಕಾಣ್ತವೆ. ನಮ್ಮ ಹೊಲದಲ್ಲೂ ಬಣವಿ ಇವೆ. ಬರೆಯೋಕೆ ಕೂತರೆ ಅಪ್ಪ ‘ಅದರಾಗ ಬರಿಯೂದೇನೈತಿ?’ ಅಂತಾರೆ. ಏನು ಹೇಳಲಿ?
– ಓದುಗರು, ಸಿಂದಗಿ

ಉತ್ತರ: ತಂಗಿ, ಆ ಬಣವಿಯ ಒಳಗೇನಿತ್ತು ಅಂತ ಮೊದಲು ಅಪ್ಪನಿಗೆ ಹೇಳು. ನಮ್ಮಲ್ಲಿ ರಾಶಿ ಮುಗಿದು, ಕಾಳು ಮನೆ ಸೇರಿದ ಮೇಲೆ ಕಣಕಿ, ಅಂದರೆ ಒಣ ದಂಟು, ಒಟ್ಟಿ ಬಣವಿ ಹಾಕ್ತೇವೆ. ಅದು ದನದ ಮೇವು. ಮೊನೆ ಬರೆದದ್ದು ಇನ್ನೂ ರಾಶಿ ಮಾಡದ ಗೋದಿ. ತೆನೆ ಸಮೇತ ಸೂಡು ಒಟ್ಟಿ, ಮಳೆ ಹಿಮ ತಾಗದಂತೆ ಮೇಲೆ ಹುಲ್ಲಿನ ಚೂಪು ಚಾವಣಿ ಹೊದಿಸುತ್ತಿದ್ದರು. ರಾಶಿ ಮಾಡುವ ಯಂತ್ರ ಊರಿಂದೂರಿಗೆ ಸುತ್ತುತ್ತಿತ್ತು. ತಮ್ಮ ಸರದಿ ಬರುವ ತನಕ ಸುಗ್ಗಿಯೆಲ್ಲ ಹೊಲದಲ್ಲೇ ನಿಂತಿರುತ್ತಿತ್ತು. ವರ್ಷದ ಅನ್ನ ಬಯಲಲ್ಲಿ ನಿಂತಿದೆ ಅಂದರೆ ಅದರ ಬೆಲೆ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು, ಅಷ್ಟು ಸಲ ಯಾಕೆ ಅನ್ನೋದು. ಮೊನೆ 1883ರಲ್ಲಿ ಜಿವೆರ್ನಿ ಅನ್ನೋ ಹಳ್ಳಿಗೆ ಬಂದು ನೆಲೆಸಿದ. ಬಣವಿಗಳಿದ್ದ ಹೊಲ ಅವನ ಮನೆಯ ಹತ್ತಿರವೇ ಇತ್ತು. 1890ರ ಬೇಸಿಗೆ ಕೊನೆಯಿಂದ ಮುಂದಿನ ವರ್ಷದವರೆಗೆ ಅಲ್ಲೇ ನಿಂತು ಸುಮಾರು 25 ಚಿತ್ರ ಬರೆದ. ಹಲವು ಕ್ಯಾನ್ವಾಸ್ ಜೊತೆಗಿಟ್ಟುಕೊಳ್ಳುತ್ತಿದ್ದ. ಬೆಳಕು ಬದಲಾದ ಕೂಡಲೇ ಕೈಯಲ್ಲಿದ್ದದ್ದನ್ನು ಬದಿಗಿಟ್ಟು, ಆ ಹೊತ್ತಿನ ಬೆಳಕಿನ ಕ್ಯಾನ್ವಾಸ್ ಎತ್ತಿಕೊಳ್ಳುತ್ತಿದ್ದ. ಸೂರ್ಯ ಬೇಗ ಮುಳುಗ್ತಾನೆ, ಹಿಂದೆ ಓಡೋಕಾಗ್ತಿಲ್ಲ ಅಂತ ಆ ಅಕ್ಟೋಬರಿನಲ್ಲಿ ಗೆಳೆಯನಿಗೆ ಪತ್ರ ಬರೆದು ಗೋಳಾಡಿಕೊಂಡಿದ್ದಾನೆ. ಬಣವಿ ನಿಂತಲ್ಲೇ ನಿಂತಿರುತ್ತೆ. ಅದರ ಮೇಲಿನ ಬೆಳಕು ಮಾತ್ರ ನಿಲ್ಲೋದಿಲ್ಲ. ಅವನು ಬರೆದದ್ದು ಅದನ್ನೇ.

1891ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ 15 ಬಣವಿಗಳನ್ನು ಒಟ್ಟಿಗೆ ತೂಗುಹಾಕಿದರು, ಬಹಳ ಬೇಗ ಮಾರಾಟವಾದವು. ಅವು ಪಕ್ಕಪಕ್ಕದಲ್ಲೇ ಇರಬೇಕು. ಮೊಬೈಲಿನಲ್ಲಿ ಒಂದಾದ ಮೇಲೊಂದು ಸರಿಸಿದರೆ ವ್ಯತ್ಯಾಸ ಜಾರಿ ಹೋಗುತ್ತೆ. ಕಾಲೇಜಿನ ಕಂಪ್ಯೂಟರಿನಲ್ಲಿ ನಾಲ್ಕನ್ನು ಒಟ್ಟಿಗೆ ತೆರೆದು ನೋಡು. ಹಿಮ ಬಿದ್ದ ದಿನದ ಚಿತ್ರದಲ್ಲಿ ನೆರಳು ನೀಲಿ. ಸಂಜೆಯ ಚಿತ್ರದಲ್ಲಿ ಬಣವಿಯ ಅಂಚಿಗೆ ಕೆಂಡದ ಕೆಂಪು.

ಈಗ ನಿನ್ನ ಹೊಲಕ್ಕೆ ಬರೋಣ. ಒಂದು ವಿಷಯ ಗೊತ್ತಿರಲಿ. ಜಿವೆರ್ನಿ ಬಹಳ ಉತ್ತರಕ್ಕಿದೆ. ಡಿಸೆಂಬರ್ ಕೊನೆಯಲ್ಲಿ ನಡು ಮಧ್ಯಾಹ್ನವೂ ಅಲ್ಲಿ ಸೂರ್ಯ ಬಾನಂಚಿನಿಂದ ಹದಿನೆಂಟು ಡಿಗ್ರಿಯಷ್ಟೂ ಏರೋದಿಲ್ಲ. ದಿನವಿಡೀ ಉದ್ದ ನೆರಳು. ವಿಜಯಪುರದಲ್ಲಿ ಅದೇ ಹೊತ್ತಿಗೆ ಸುಮಾರು ಐವತ್ತು ಡಿಗ್ರಿ. ಹಾಗಾಗಿ ಮಧ್ಯಾಹ್ನ ಕೂತು ಮೊನೆಯ ಥರ ಬರೆಯೋಕೆ ಹೋದರೆ ಬಣವಿ ಸುಮ್ನೆ ಬಿಳಚಿಕೊಂಡು ಚಪ್ಪಟೆ ಕಾಣುತ್ತೆ. ಫೆಬ್ರವರಿಯಲ್ಲಿ ಸಂಜೆ ಐದೂಕಾಲರ ಸುಮಾರಿಗೆ ನಮ್ಮ ಸೂರ್ಯನೂ ಅಷ್ಟು ಕೆಳಗೆ ಬರ್ತಾನೆ. ಆಗ ಕೂರು. ಬಿಸಿಲಿನ ಕಡೆ ಕಣಕಿ ಜೇನಿನ ಬಣ್ಣಕ್ಕೆ ತಿರುಗಿರುತ್ತೆ, ಅದು ಯಾರಿಗಾದರೂ ಕಾಣುತ್ತೆ. ನೀನು ನೋಡಬೇಕಾದ್ದು ನೆರಳಿನ ಕಡೆ. ಮೊದಲಿಗೆ ಬೂದು ಅನ್ನಿಸುತ್ತೆ. ಸ್ವಲ್ಪ ಹೊತ್ತು ದಿಟ್ಟಿಸು. ಮೇಲ್ಭಾಗ ಆಕಾಶದ ನೀಲಿ ಹಿಡಿದಿರುತ್ತೆ, ಬುಡದ ಹತ್ತಿರ ಕೂಳೆಯಿಂದ ಪುಟಿದ ಬೆಳಕು ತಾಗಿ ಕಂದು ಕೆಂಪಾಗಿರುತ್ತೆ. ಡೋಣಿ ಹೊಳೆ ಸಾಲಿನ ಕಪ್ಪು ಎರೆ ಹೊಲದಲ್ಲಿ ಬಣವಿಯ ನೆರಳು ನೆಲದಲ್ಲಿ ಕರಗಿ ಹೋದ ಹಾಗಿರುತ್ತೆ, ಅದರ ಅಂಚು ಹುಡುಕೋದೇ ಕಷ್ಟ. ಮೊನೆಗೆ ಹಿಮದ ಮೇಲೆ ಈ ಕಷ್ಟ ಇರಲಿಲ್ಲ. ಇದನ್ನು ನಾವೇ ಬಿಡಿಸಿಕೊಳ್ಳಬೇಕು. ನನಗೆ ಬಹಳ ಇಷ್ಟದ ಸವಾಲು ಇದು.

ಅಪ್ಪನನ್ನೂ ಒಂದು ಸಂಜೆ ಪಕ್ಕದಲ್ಲಿ ಕೂರಿಸಿಕೋ. ದೂರದಿಂದಲೇ ಹೊಲದ ಬಣ್ಣ ನೋಡಿ ಹದ ಹೇಳುವ ಕಣ್ಣು ಅವರದು.

ಪ್ರಶ್ನೆ: ನೆರಳಿಗೆ ಕಪ್ಪು ಹಚ್ಚಬಾರದು ಅಂತಾರಲ್ಲ, ನಿಜವೇ?
– ಓದುಗರು, ಜಮಖಂಡಿ

ಉತ್ತರ: ಹಚ್ಚಿದರೆ ತಪ್ಪೇನಿಲ್ಲ, ಆದರೆ ಬಯಲಿನ ನೆರಳು ಅದರಿಂದ ಸತ್ತು ಹೋಗುತ್ತೆ. ಚಿತ್ರಕಾರ ಕಮೀಲ್ ಪಿಸ್ಸಾರೊ 1873ರಲ್ಲಿ ಬರೆದ ಇಬ್ಬನಿ ಹೆಪ್ಪುಗಟ್ಟಿದ ಹೊಲದ ಚಿತ್ರ ನೋಡಿ. ಕಟ್ಟಿಗೆ ಹೊರೆ ಹೊತ್ತ ಒಬ್ಬ ಹಾದಿಯಲ್ಲಿ ಬರುತ್ತಿದ್ದಾನೆ. ಚಿತ್ರದೊಳಗೆ ಇಲ್ಲದ ಮರಗಳ ನೆರಳು ನೇಗಿಲ ಸಾಲುಗಳ ಮೇಲೆ ಅಡ್ಡಡ್ಡ ಬಿದ್ದಿದೆ. ಆ ನೆರಳಿನಲ್ಲೂ ಬಣ್ಣ ಇದೆ. ಮರುವರ್ಷದ ಪ್ರದರ್ಶನದಲ್ಲಿ ಒಬ್ಬ ವಿಮರ್ಶಕ ಇದನ್ನು, ಬಣ್ಣದ ಹಲಗೆ ಕೆರೆದು ಕೊಳಕು ಬಟ್ಟೆಗೆ ಮೆತ್ತಿದ್ದಾರೆ ಅಂತ ಆಡಿಕೊಂಡ. ಇಂದು ಅದು ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಮ್ಮಿನಲ್ಲಿದೆ.

ಕಪ್ಪಿನ ಬದಲು ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು ಬಣ್ಣ) ಬೆರೆಸಿ. ಎರೆಮಣ್ಣಿಗೆ ಸಿಯೆನ್ನಾ ಸ್ವಲ್ಪ ಜಾಸ್ತಿ ಇರಲಿ, ಮರದ ನೆರಳಿಗೆ ನೀಲಿ.