ಪ್ರತಿ: ಸಚಿವರ ಮಗನಿಗೇ ರಸ್ತೆ ಗುತ್ತಿಗೆ, ಇದು ಸರಿಯೇ?

ನಮಸ್ಕಾರ. ನಿಮ್ಮ ಭಾಗದ ಸಚಿವರ ಮಗನ ಕಂಪನಿಗೆ ರಸ್ತೆ ಕಾಮಗಾರಿ ಸಿಕ್ಕಿದೆ, ಸಚಿವರ ನೀತಿ ಸಂಹಿತೆ ಇದನ್ನು ತಡೆಯುವುದಿಲ್ಲವೇ ಎಂದು ಕೇಳಿದ್ದೀರಿ. ಮೊದಲು ಮಗನ ವಯಸ್ಸು ನೋಡಿ.

1964ರ ಈ ಸಂಹಿತೆ ರಾಜ್ಯದ ಸಚಿವರಿಗೂ ಅನ್ವಯಿಸುತ್ತದೆ. ಸರ್ಕಾರಕ್ಕೆ ಸರಕು, ಸೇವೆ ಒದಗಿಸುವ ವ್ಯವಹಾರಕ್ಕೆ ಕುಟುಂಬದವರು ಇಳಿಯಬಾರದು ಎನ್ನುತ್ತದೆ. ಆದರೆ ಅದರ ಪ್ರಕಾರ ಕುಟುಂಬ ಎಂದರೆ ಹೆಂಡತಿ ಅಥವಾ ಗಂಡ, ಅಪ್ರಾಪ್ತ ಮಕ್ಕಳು, ಪೂರ್ತಿಯಾಗಿ ಸಚಿವರನ್ನೇ ನೆಚ್ಚಿಕೊಂಡ ನೆಂಟರು ಮಾತ್ರ. ಸ್ವಂತ ದುಡಿಮೆ ಇರುವ ಮೂವತ್ತರ ಮಗ ಈ ಲೆಕ್ಕಕ್ಕೇ ಬರುವುದಿಲ್ಲ! ಮಾಮೂಲಿ ವ್ಯಾಪಾರ, ಮಾರುಕಟ್ಟೆ ದರ ಎಂದರೆ ಅದಕ್ಕೂ ವಿನಾಯಿತಿ ಇದೆ. ನನಗೆ ಸಂಕಟವಾಗುವುದು ಇಲ್ಲೇ. ಅಪ್ಪ ಮಗ ಒಂದೇ ಮನೆಯಲ್ಲಿ ಉಣ್ಣುತ್ತಾರೆ, ಕಾಗದದಲ್ಲಿ ಮಾತ್ರ ಬೇರೆ ಬೇರೆ. ಮೇಲಾಗಿ ಇದು ಶಾಸನಸಭೆ ಮಾಡಿದ ಕಾಯ್ದೆಯಲ್ಲ. ಸಚಿವರು ಪಾಲಿಸುತ್ತಾರೋ ಇಲ್ಲವೋ ನೋಡಬೇಕಾದವರು ಮುಖ್ಯಮಂತ್ರಿಗಳು.

ಹಾಗಂತ ಕೈಚೆಲ್ಲಬೇಡಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಡಿ ಟೆಂಡರ್ ಕಡತ ಕೇಳಿ: ಎಷ್ಟು ಜನ ಬಿಡ್ ಹಾಕಿದ್ದರು, ಯಾರನ್ನು ಯಾವ ಕಾರಣಕ್ಕೆ ಕೈಬಿಟ್ಟರು. ಅರ್ಜಿ 150 ಪದ ಮೀರದಿರಲಿ. ಸಚಿವರು ಪ್ರಭಾವ ಬೀರಿದ್ದಕ್ಕೆ ದಾಖಲೆ ಸಿಕ್ಕರೆ ಲೋಕಾಯುಕ್ತಕ್ಕೆ ದೂರು ಕೊಡಿ, ಜೊತೆಗೆ ಅಫಿಡವಿಟ್ ಬೇಕು. 1984ರ ಲೋಕಾಯುಕ್ತ ಕಾಯ್ದೆಯಂತೆ ಸಚಿವರು ಪ್ರತಿವರ್ಷ ಜೂನ್ 30ರೊಳಗೆ ಆಸ್ತಿ ವಿವರವನ್ನೂ ಅಲ್ಲಿಗೆ ಸಲ್ಲಿಸಬೇಕು. ಸಲ್ಲಿಸಿದ್ದಾರೆಯೇ ಎಂದೂ ವಿಚಾರಿಸಿ.