ಡಯೆಟ್ ಮಾಡುವಾಗ ಒಂದು ದಿನ ಇಷ್ಟದ್ದು ತಿಂದರೆ ಅಷ್ಟು ದಿನದ ಶ್ರಮವೆಲ್ಲ ನೀರುಪಾಲೇ?

ಮೂರು ತಿಂಗಳಿಂದ ಬಾಯಿ ಕಟ್ಟಿ ಶಿಸ್ತಿನಿಂದ ಊಟ ಮಾಡುತ್ತಿದ್ದೀರಿ. ಭಾನುವಾರ ಒಂದು ಸಮಾರಂಭದಲ್ಲಿ ಸಿಹಿ, ಕರಿದದ್ದು, ಐಸ್ ಕ್ರೀಮ್ ಎಲ್ಲ ತಿಂದಿರಿ. ಸೋಮವಾರ ಬೆಳಿಗ್ಗೆ ನೋಡಿದರೆ ತೂಕ ಒಂದೂವರೆ ಕಿಲೋ ಏರಿತ್ತು. ಎರಡು ದಿನ ಉಪವಾಸ ಮಾಡಲೇ, ಇನ್ನು ಮುಂದೆ ಇವನ್ನೆಲ್ಲ ಪೂರ್ತಿ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ಉಪವಾಸವಂತೂ ಖಂಡಿತ ಬೇಡ.

ಮೊದಲು ಆ ಒಂದೂವರೆ ಕಿಲೋ ಎಲ್ಲಿಂದ ಬಂತು ಎಂದು ನೋಡೋಣ. ಮೈಯಲ್ಲಿರುವ ಒಂದು ಕಿಲೋ ಕೊಬ್ಬಿನಲ್ಲಿ ಹೆಚ್ಚುಕಡಿಮೆ 7,700 ಕ್ಯಾಲೊರಿಯಷ್ಟು ಶಕ್ತಿ ಇರುತ್ತದೆ. ಒಂದೂವರೆ ಕಿಲೋ ಕೊಬ್ಬು ಬೆಳೆಯಬೇಕಾದರೆ ನೀವು ದಿನದ ಅಗತ್ಯವನ್ನು ಮೀರಿ ಹನ್ನೊಂದು ಸಾವಿರಕ್ಕೂ ಹೆಚ್ಚು ಕ್ಯಾಲೊರಿ ತಿಂದಿರಬೇಕು. ಒಂದು ಸಮಾರಂಭದ ಊಟದಲ್ಲಿ ಅದು ಆಗುವ ಮಾತಲ್ಲ. ಏರಿದ್ದರಲ್ಲಿ ಹೆಚ್ಚಿನದು ನೀರು. ಪಿಷ್ಟ, ಸಕ್ಕರೆ ಕಡಿಮೆ ತಿನ್ನುತ್ತಿದ್ದಾಗ ಸ್ನಾಯು ಮತ್ತು ಯಕೃತ್ತಿನಲ್ಲಿರುವ ಗ್ಲೈಕೋಜೆನ್, ಅಂದರೆ ಮೈ ಶಕ್ತಿಗಾಗಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಇಳಿದಿರುತ್ತದೆ. ಚೆನ್ನಾಗಿ ತಿಂದ ದಿನ ಅದು ಮತ್ತೆ ತುಂಬಿಕೊಳ್ಳುತ್ತದೆ, ಮತ್ತು ಪ್ರತಿ ಗ್ರಾಂ ಗ್ಲೈಕೋಜೆನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಮಾರಂಭದ ಊಟದಲ್ಲಿ ಉಪ್ಪೂ ಜಾಸ್ತಿ, ಅದೂ ನೀರು ಹಿಡಿಯುತ್ತದೆ. ಜೊತೆಗೆ ಇನ್ನೂ ಜೀರ್ಣವಾಗದೆ ಹೊಟ್ಟೆಯಲ್ಲೇ ಇರುವ ಆಹಾರದ ತೂಕ. ಎಂದಿನ ಊಟಕ್ಕೆ ಮರಳಿದರೆ ಕೆಲವೇ ದಿನಗಳಲ್ಲಿ ಇದರ ಬಹುಪಾಲು ತಾನಾಗಿ ಇಳಿಯುತ್ತದೆ. ನಾನು ಇಂಥ ಊಟದ ಮರುದಿನ ತೂಕ ನೋಡುವುದೇ ಇಲ್ಲ. ತಿಂಗಳಿಡೀ ಮುಳ್ಳು ಯಾವ ಕಡೆ ವಾಲುತ್ತಿದೆ ಎಂಬುದಷ್ಟೇ ನನಗೆ ಮುಖ್ಯ.

ಹಾಗೆಂದು ತಿಂದದ್ದಕ್ಕೆ ಲೆಕ್ಕವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ವಾರದ ಆರು ದಿನ, ದಿನಕ್ಕೆ 400 ಕ್ಯಾಲೊರಿಯಂತೆ ಕಡಿಮೆ ತಿಂದರೆ ಉಳಿತಾಯ 2,400. ಏಳನೆಯ ದಿನ ಬೆಳಿಗ್ಗೆಯಿಂದ ರಾತ್ರಿಯವರೆಗೆ ಮನಸ್ಸಿಗೆ ಬಂದಂತೆ ತಿಂದರೆ ಆ 2,400 ಸುಲಭವಾಗಿ ಹೋಗಿಬಿಡುತ್ತದೆ. ಆದ್ದರಿಂದ 'ಚೀಟ್ ಡೇ' ಎಂದು ಇಡೀ ದಿನವನ್ನು ಬಿಟ್ಟುಕೊಡುವುದು ನನಗೆ ಒಪ್ಪಿಗೆಯಿಲ್ಲ. ಒಂದು ಊಟ, ಅಥವಾ ಒಂದು ತಿನಿಸು ಸಾಕು. ವಾರದ ಇಪ್ಪತ್ತೊಂದು ಊಟಗಳಲ್ಲಿ ಒಂದೋ ಎರಡೋ ಹೀಗಿದ್ದರೆ ಆರೋಗ್ಯವಂತರಿಗೆ ಅದು ದೊಡ್ಡ ಸಂಗತಿಯೇ ಅಲ್ಲ.

ನಿಜವಾದ ಹಾನಿ ಆಗುವುದು ತಿಂದ ನಂತರ, ಮನಸ್ಸಿನಲ್ಲಿ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಮೊದಲು ಮಿಲ್ಕ್ ಶೇಕ್ ಕುಡಿಸಿ, ಆಮೇಲೆ ಐಸ್ ಕ್ರೀಮ್ ರುಚಿ ನೋಡಲು ಹೇಳಿದರು, ಎಷ್ಟು ಬೇಕಾದರೂ ತಿನ್ನಬಹುದಿತ್ತು. ಡಯೆಟ್ ಚಿಂತೆ ಇಲ್ಲದವರು ಮಿಲ್ಕ್ ಶೇಕ್ ಕುಡಿದ ಮೇಲೆ ಐಸ್ ಕ್ರೀಮ್ ಕಡಿಮೆ ತಿಂದರು. ಸದಾ ಊಟದ ಮೇಲೆ ಹಿಡಿತ ಇಟ್ಟುಕೊಂಡಿದ್ದವರು ಮಾತ್ರ ಮಿಲ್ಕ್ ಶೇಕ್ ಕುಡಿದ ಮೇಲೆ, ಏನೂ ಕುಡಿಯದ ತಮ್ಮಂಥವರಿಗಿಂತ ಹೆಚ್ಚು ತಿಂದರು. ಹೇಗೂ ವ್ರತ ಕೆಟ್ಟಿತು, ಇನ್ನೇನು ಎಂಬ ಭಾವ ಅದು. ಒಂದು ತುಂಡು ಸಿಹಿಯಿಂದ ಕೆಡದ ಕೆಲಸ ಈ 'ಇನ್ನೇನು' ಎಂಬುದರಿಂದ ಕೆಡುತ್ತದೆ. ಎರಡು ದಿನದ ಉಪವಾಸ ಬೇಡ ಎಂದದ್ದೂ ಇದಕ್ಕೇ. ಉಪವಾಸದ ಕೊನೆಗೆ ಹಸಿವು ತಾರಕಕ್ಕೇರಿರುತ್ತದೆ, ಕೈ ಹೋಗುವುದು ಮತ್ತೆ ಅದೇ ತಿಂಡಿಯ ಕಡೆಗೆ, ಆಮೇಲೆ ಇನ್ನೊಂದು ಸುತ್ತು ಪಶ್ಚಾತ್ತಾಪ.

ಪಶ್ಚಾತ್ತಾಪದಿಂದ ಹಿಡಿತ ಹೆಚ್ಚುತ್ತದೆ ಎಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ನ್ಯೂಜಿಲೆಂಡ್‌ನ ಸಂಶೋಧಕರು ಚಾಕೊಲೇಟ್ ಕೇಕ್ ಎಂದಾಗ ಮನಸ್ಸಿಗೆ ಬರುವುದು ತಪ್ಪು ಮಾಡಿದ ಭಾವವೋ ಸಂಭ್ರಮವೋ ಎಂದು ಜನರನ್ನು ಕೇಳಿ, 2014ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ತಪ್ಪು ಮಾಡಿದ ಭಾವ ಎಂದವರೇ ಒಂದೂವರೆ ವರ್ಷದ ಅವಧಿಯಲ್ಲಿ ತೂಕ ಕಾಯ್ದುಕೊಳ್ಳುವುದರಲ್ಲಿ ಹಿಂದೆ ಬಿದ್ದಿದ್ದರು. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಬೈದುಕೊಳ್ಳುತ್ತಾ ತಿಂದದ್ದು ರುಚಿಸುವುದೂ ಇಲ್ಲ, ತೃಪ್ತಿ ಕೊಡುವುದೂ ಇಲ್ಲ.

ನಾನು ಪಾಲಿಸುವುದು ಇಷ್ಟು. ಇಷ್ಟದ ತಿನಿಸಿಗೆ ವಾರದಲ್ಲಿ ಮೊದಲೇ ಜಾಗ ಇಟ್ಟಿರುತ್ತೇನೆ, ಅದು ನಿಯಮದ ಒಳಗೇ ಇರುತ್ತದೆ, ಹೊರಗಲ್ಲ. ಸಮಾರಂಭಕ್ಕೆ ಹೋಗುವ ದಿನ ಬೆಳಗಿನ ತಿಂಡಿ ತಪ್ಪಿಸುವುದಿಲ್ಲ, ಹಸಿದು ಹೋದರೆ ಯಾವ ಶಿಸ್ತೂ ನಿಲ್ಲದು. ಮೊದಲು ತರಕಾರಿ, ಬೇಳೆಕಾಳು ತಿಂದು, ಆಮೇಲೆ ಸಿಹಿ. ತಟ್ಟೆಗೆ ಹಾಕಿಕೊಂಡು, ಕೂತು, ಫೋನ್ ಬದಿಗಿಟ್ಟು ತಿನ್ನುತ್ತೇನೆ. ಡಬ್ಬಿಯಿಂದ ನೇರ ಬಾಯಿಗೆ ಹಾಕಿಕೊಂಡರೆ ಎಷ್ಟು ಹೋಯಿತೆಂದು ಗೊತ್ತಾಗುವುದೇ ಇಲ್ಲ. ಮೊದಲ ಕೆಲವು ತುತ್ತುಗಳಲ್ಲಿ ಇರುವ ರುಚಿ ಆಮೇಲೆ ಇಳಿಯುತ್ತಾ ಹೋಗುತ್ತದೆ, ಗಮನ ಕೊಟ್ಟು ತಿಂದರೆ ಅದು ನಿಮಗೇ ತಿಳಿಯುತ್ತದೆ. ಅಷ್ಟೇನೂ ಇಷ್ಟವಿಲ್ಲದ್ದನ್ನು, ಎದುರಿಗಿದೆ ಎಂಬ ಒಂದೇ ಕಾರಣಕ್ಕೆ ಮುಟ್ಟುವುದಿಲ್ಲ.

ಈ ಕೊನೆಯದರ ಬಗ್ಗೆ ಸ್ವಲ್ಪ ಒತ್ತಿ ಹೇಳುತ್ತೇನೆ. ದಿನಕ್ಕೆ 2,000 ಕ್ಯಾಲೊರಿ ಸೇವಿಸುವವರಿಗೆ ಬೆರೆಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ 50 ಗ್ರಾಂ ದಾಟಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ. 330 ಮಿಲಿಲೀಟರಿನ ಒಂದು ಕ್ಯಾನ್ ಕೋಲಾದಲ್ಲೇ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ನೆನಪಿನಲ್ಲೂ ಉಳಿಯದ ಇಂಥ ಪಾನೀಯ ದಿನಾ ಕುಡಿಯುವವರು ತಿಂಗಳಿಗೊಮ್ಮೆ ತಿಂದ ಐಸ್ ಕ್ರೀಮಿಗಾಗಿ ಮರುಗುವುದನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಇದೆಲ್ಲ ಎಲ್ಲರಿಗೂ ಅನ್ವಯಿಸುವುದಿಲ್ಲ. ಅಲರ್ಜಿ ಇರುವವರಿಗೆ, ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲೂಟನ್ ಆಗದ ಸೀಲಿಯಾಕ್ ಕಾಯಿಲೆಯವರಿಗೆ ಆ ಪದಾರ್ಥದಲ್ಲಿ 'ಅಪರೂಪಕ್ಕೊಮ್ಮೆ' ಎಂಬ ಸಡಿಲಿಕೆ ಇಲ್ಲ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು ತಮ್ಮ ವೈದ್ಯರ ಹತ್ತಿರ ಮಾತಾಡಿಯೇ ಜಾಗ ಮಾಡಿಕೊಳ್ಳಬೇಕು. ನೀವು ಕೊನೆಯಲ್ಲಿ, ಕೆಲವೊಮ್ಮೆ ತಿನ್ನಲು ಶುರು ಮಾಡಿದರೆ ನಿಲ್ಲಿಸಲು ಆಗುವುದಿಲ್ಲ ಎಂದೂ ಬರೆದಿದ್ದೀರಿ. ಅದು ಪದೇ ಪದೇ ಆಗುತ್ತಿದ್ದರೆ, ಯಾರಿಗೂ ಕಾಣದಂತೆ ತಿನ್ನುವುದು, ಆಮೇಲೆ ವಾಂತಿ ಮಾಡುವುದು ಅಥವಾ ದಿನಗಟ್ಟಲೆ ಉಪವಾಸ ಕೂರುವುದು ಇದ್ದರೆ, ದಯವಿಟ್ಟು ಅದನ್ನು ನಾಲಗೆಯ ಚಪಲ ಎಂದುಕೊಳ್ಳಬೇಡಿ. ಅದು ಚಿಕಿತ್ಸೆ ಇರುವ ಕಾಯಿಲೆ. ತೂಕದ ವಿಚಾರ ಸದ್ಯಕ್ಕೆ ಪಕ್ಕಕ್ಕಿಟ್ಟು ಮೊದಲು ವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ.