ಕೊರಿಯರ್‌ನಲ್ಲಿ ಬಾಗಿದ ಡಿರೇಲರ್ ಹ್ಯಾಂಗರ್

ಬೆಂಗಳೂರಿಂದ ಧಾರವಾಡಕ್ಕೆ ಬಂದ ನಿಮ್ಮ ಗೇರ್ ಸೈಕಲ್‌ನ ಹ್ಯಾಂಗರ್ (ಗೇರ್ ಬದಲಿಸಲು ಚೈನ್ ಸರಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಲೋಹದ ತುಂಡು) ಬಾಗಿದೆ, ಕೊರಿಯರ್‌ನವರು ‘ಪ್ಯಾಕಿಂಗ್ ಸರಿ ಇರಲಿಲ್ಲ’ ಅಂತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಮೊದಲಿಗೆ, ಬಾಕ್ಸ್ ಬಿಸಾಡಬೇಡಿ. ರಟ್ಟು ಯಾವ ಕಡೆ ನುಜ್ಜುಗುಜ್ಜಾಗಿದೆ ಅನ್ನೋದು ಮುಖ್ಯ. ಲೇಬಲ್ ಕಾಣುವ ಹಾಗೆ ಫೋಟೊ ತೆಗೆದು ಇವತ್ತೇ ಈಮೇಲ್‌ನಲ್ಲಿ ದೂರು ಕೊಡಿ. ಫೋನಲ್ಲಿ ಹೇಳಿದ್ದಕ್ಕೆ ದಾಖಲೆ ಇರಲ್ಲ. ಲಾರಿಯಲ್ಲಿ ಬಂದ ಸರಕಾದರೆ, ಬುಕಿಂಗ್ ಆದ 180 ದಿನದೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ಮುಂದೆ ಕೇಸು ಹಾಕಲು ಬರಲ್ಲ. ಕೊರಿಯರ್‌ನವರು ಜಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಹ್ಯಾಂಗರ್ ಸರಿಯಾಗುವವರೆಗೆ ದಯವಿಟ್ಟು ಸೈಕಲ್ ಓಡಿಸಬೇಡಿ. ಹ್ಯಾಂಗರ್ ಚಕ್ರದ ಕಡೆ ಬಾಗಿದ್ದಾಗ ಚೈನ್ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹತ್ತಿದರೆ ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿ ಮುರಿಯಬಹುದು, ಖರ್ಚು ಹಲವು ಪಟ್ಟಾಗುತ್ತೆ.

ಮುಂದಿನ ಸಲ ಡಿರೇಲರ್ ಬಿಚ್ಚಿಯೇ ಕಳಿಸಿ. ಸಾಮಾನ್ಯವಾಗಿ 5 ಎಂಎಂ ಅಲೆನ್ ಕೀಯಲ್ಲಿ ಒಂದೇ ಬೋಲ್ಟ್, ಚೈನ್ ಕಳಚಬೇಕಿಲ್ಲ. ಬಬಲ್ ಶೀಟ್ ಸುತ್ತಿ ಫ್ರೇಮಿನ ಒಳಬದಿಗೆ ಕಟ್ಟಿ. ಮುಂದಿನ ಚಕ್ರ ಬಿಚ್ಚಿದರೆ ಅದನ್ನು ಹಿಡಿಯುವ ಫೋರ್ಕ್‌ನ ತುದಿಗಳ ನಡುವೆ ಪ್ಲಾಸ್ಟಿಕ್ ಸ್ಪೇಸರ್ (ತುದಿಗಳು ಒಳಗೆ ಬಾಗದಂತೆ ತಡೆಯುವ ತುಂಡು) ಬೇಕೇ ಬೇಕು, ಸೈಕಲ್ ಅಂಗಡಿಯಲ್ಲಿ ಕೇಳಿ ನೋಡಿ. ಪೆಡಲ್ ಬಿಚ್ಚುವಾಗ ನೆನಪಿಡಿ, ಎಡ ಪೆಡಲ್ ಥ್ರೆಡ್ ಉಲ್ಟಾ, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತೆ.

ಬುಕ್ ಮಾಡುವಾಗ ಬಿಲ್ಲಿನ ಪೂರ್ತಿ ಬೆಲೆ ಬರೆಸಿ, ವಿಮೆ ಮಾಡಿಸಿ.